ಎದೆಯ ಮೇಲೊಂದು ಹಾಳೆ

ಬೆಳಗಿನ ಜಾವ ದಪ್ಪ ಸ್ವೆಟರ್ ತೊಟ್ಟು ಮೋಟಾರ್ ಸೈಕಲ್ ಏರಿದವರಿಗೆಲ್ಲ ಈ ಅನುಭವ ಗೊತ್ತು. ಮನೆಯ ಬಾಗಿಲಲ್ಲಿ ನಿಂತಾಗ ಬೆಚ್ಚಗಿದ್ದ ಸ್ವೆಟರ್, ವಾಹನ ಮೂರನೇ ಗೇರಿಗೆ ಬರುತ್ತಿದ್ದಂತೆ ಮೈಮೇಲೆ ಇದೆಯೋ ಇಲ್ಲವೋ ಎನ್ನುವಂತಾಗುತ್ತದೆ. ತಣ್ಣೀರು ಎರಚಿದಂತೆ ಗಾಳಿ ಎದೆಗೆ ನುಗ್ಗುತ್ತದೆ. ಏಳೆಂಟು ಕಿಲೋಮೀಟರು ಕಳೆಯುವಷ್ಟರಲ್ಲಿ ಬೆರಳುಗಳು ಮರಗಟ್ಟಿ, ಬ್ರೇಕ್ ಹಿಡಿದದ್ದು ಕೈಯೋ ಕಟ್ಟಿಗೆಯೋ ತಿಳಿಯದಂತಾಗುತ್ತದೆ.

ಇದಕ್ಕೆ ಹಳೆಯ ಸವಾರರು ಕಂಡುಕೊಂಡಿದ್ದ ಉಪಾಯ ತೀರಾ ಅಗ್ಗದ್ದು. ಹಿಂದಿನ ದಿನದ ಪತ್ರಿಕೆಯ ಕೆಲವು ಹಾಳೆಗಳನ್ನು ಮಡಿಸಿ, ಅಂಗಿ ಮತ್ತು ಸ್ವೆಟರಿನ ನಡುವೆ ಎದೆಗೆ ಇಟ್ಟುಕೊಳ್ಳುವುದು. ಯುರೋಪಿನ ಸವಾರರಿಗೂ ಇದು ಗೊತ್ತು, ನಮ್ಮ ಊರುಗಳಲ್ಲಿ ನಸುಕಿನಲ್ಲಿ ಹಾಲು, ಹೂವು, ತರಕಾರಿ ಸಾಗಿಸುವವರಲ್ಲಿ ಅನೇಕರಿಗೂ ಗೊತ್ತು. ತೂಕದಲ್ಲಿ ಸ್ವೆಟರಿನ ಹತ್ತಿರಕ್ಕೂ ಬಾರದ ಈ ತೆಳು ಕಾಗದ, ಸ್ವೆಟರಿಗೆ ಆಗದ ಕೆಲಸವನ್ನು ಮಾಡುವುದಾದರೂ ಹೇಗೆ?

ಉತ್ತರ ಸರಳವಾಗಿದೆ. ಯಾವ ಬಟ್ಟೆಯೂ ಬಿಸಿಯನ್ನು ಹುಟ್ಟಿಸುವುದಿಲ್ಲ. ಬಿಸಿಯನ್ನು ಹುಟ್ಟಿಸುವುದು ದೇಹ. ಆ ಬಿಸಿಯನ್ನು ಹಿಡಿದಿಡುವುದು ಬಟ್ಟೆಯ ಎಳೆಗಳ ನಡುವೆ ಸಿಕ್ಕಿಕೊಂಡ, ಅಲುಗಾಡದ ಗಾಳಿ. ನಿಂತ ಗಾಳಿ ಉಷ್ಣವನ್ನು ಸುಲಭವಾಗಿ ಸಾಗಿಸುವುದಿಲ್ಲ. ಆದರೆ ಹೊರಗಿನಿಂದ ರಭಸದ ಗಾಳಿ ನುಗ್ಗಿದರೆ ಒಳಗಿನ ಬೆಚ್ಚನೆಯ ಗಾಳಿ ಕೊಚ್ಚಿಹೋಗುತ್ತದೆ. ಸ್ವೆಟರಿನ ಹೆಣಿಗೆಯಲ್ಲಿ ಸಾವಿರ ತೂತು, ಪತ್ರಿಕೆಯ ಹಾಳೆಯಲ್ಲಿ ಒಂದೂ ಇಲ್ಲ. ಸ್ವೆಟರ್ ಹಾಸಿಗೆಯಾದರೆ ಹಾಳೆ ಬಾಗಿಲು. ಬಾಗಿಲು ತೆರೆದಿಟ್ಟು ಎಷ್ಟು ಹಾಸಿಗೆ ಹೊದ್ದರೇನು?

ಮೋಟಾರ್ ಸೈಕಲ್ ಸವಾರ ಚಳಿಯೊಡನೆ ನೂರಕ್ಕೂ ಹೆಚ್ಚು ವರ್ಷ ನಡೆಸಿದ ಗುದ್ದಾಟವೆಲ್ಲ ಈ ಒಂದು ಬಾಗಿಲನ್ನು ಮುಚ್ಚುವ ಪ್ರಯತ್ನವೇ ಆಗಿದೆ.

ಕೂತವನ ಚಳಿ

ಚಳಿ ಎಲ್ಲರಿಗೂ ಒಂದೇ ರೀತಿಯದಲ್ಲ. ನಡೆಯುವವನ ಸ್ನಾಯುಗಳು ದುಡಿಯುತ್ತವೆ, ಮೈ ಬಿಸಿಯಾಗುತ್ತದೆ. ಕುದುರೆ ಸವಾರನಿಗೆ ತನ್ನ ಮೈಯ ಬಿಸಿಯ ಜೊತೆಗೆ ಕುದುರೆಯ ಮೈಯ ಬಿಸಿಯೂ ತೊಡೆಗಳಿಗೆ ಸಿಗುತ್ತದೆ. ಸೈಕಲ್ ತುಳಿಯುವವನಂತೂ ಮಂಜು ಸುರಿಯುವಾಗಲೂ ಬೆವರಬಲ್ಲ. ಮೋಟಾರ್ ಸೈಕಲ್ಲಿನವನ ಪಾಡು ಬೇರೆ. ಅವನ ಬದಲು ದುಡಿಯುವುದು ಎಂಜಿನ್. ಅವನು ಕುರ್ಚಿಯ ಮೇಲೆ ಕೂತವನಂತೆ ಸುಮ್ಮನೆ ಕೂತಿರುತ್ತಾನೆ. ವಿರಾಮದಲ್ಲಿರುವ ಮನುಷ್ಯನ ದೇಹ ಹುಟ್ಟಿಸುವ ಬಿಸಿ ಸುಮಾರು 100 ವಾಟ್, ಅಂದರೆ ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು. ಸವಾರನ ಆದಾಯ ಹೆಚ್ಚುಕಡಿಮೆ ಇಷ್ಟೇ. ಖರ್ಚು ಮಾತ್ರ ಓಡುವ ವೇಗಕ್ಕೆ ತಕ್ಕಂತೆ ಏರುತ್ತ ಹೋಗುತ್ತದೆ.

ಕೊಂಡುಕೊಳ್ಳಲು ಸಿಗುವಂತೆ ಸಾಲಾಗಿ ತಯಾರಾದ ಮೊದಲ ಮೋಟಾರ್ ಸೈಕಲ್, ಜರ್ಮನಿಯ ಮ್ಯೂನಿಕ್ ನಗರದ ಹಿಲ್ಡೆಬ್ರಾಂಡ್ ಮತ್ತು ವೋಲ್ಫ್‌ಮ್ಯುಲರ್ ಎಂಬವರದು. ಅದು ಬಂದದ್ದು 1894ರಲ್ಲಿ. ಮೈಯನ್ನು ದುಡಿಸದೆ, ಸುತ್ತ ಗೋಡೆಯೂ ಇಲ್ಲದೆ, ಗಂಟೆಗಟ್ಟಲೆ ಗಾಳಿಗೆ ಎದೆಯೊಡ್ಡಿ ಕೂರುವ ಪ್ರಯಾಣ ಮನುಷ್ಯನಿಗೆ ಹೊಸದು. ಅದಕ್ಕೆ ತಕ್ಕ ಉಡುಪೂ ಆಗ ಇರಲಿಲ್ಲ.

ಕೂತವನ ಚಳಿಗೂ ದುಡಿಯುವವನ ಚಳಿಗೂ ಇರುವ ವ್ಯತ್ಯಾಸವನ್ನು ಒಂದೇ ದಿನದಲ್ಲಿ ಅನುಭವಿಸುವವರೆಂದರೆ ಫ್ರಾನ್ಸ್ ದೇಶದ ಪ್ರಸಿದ್ಧ 'ಟೂರ್ ಡಿ ಫ್ರಾನ್ಸ್' ಸೈಕಲ್ ಪಂದ್ಯದ ಸ್ಪರ್ಧಿಗಳು. ಬೆಟ್ಟ ಏರುವಾಗ ಬೆವರಿನಲ್ಲಿ ತೊಯ್ದವರು ತುದಿ ಮುಟ್ಟಿದೊಡನೆ ಪೆಡಲು ತುಳಿಯುವುದನ್ನು ಬಿಟ್ಟು ಗಾಳಿಯಂತೆ ಇಳಿಯತೊಡಗುತ್ತಾರೆ. ಆಗ ಅವರೂ ಮೋಟಾರ್ ಸೈಕಲ್ ಸವಾರರಂತೆಯೇ ಕೂತವರು, ಮೇಲಾಗಿ ಮೈ ಒದ್ದೆಯಾದವರು. ಆದ್ದರಿಂದ ಘಟ್ಟದ ತುದಿಯಲ್ಲಿ ನಿಂತ ಪ್ರೇಕ್ಷಕರು ಚಾಚಿದ ದಿನಪತ್ರಿಕೆಗಳನ್ನು ಕಸಿದುಕೊಂಡು ಅಂಗಿಯೊಳಗೆ ತುರುಕಿಕೊಂಡು ಇಳಿಯುವುದು ಆ ಪಂದ್ಯದ ಹಳೆಯ ರೂಢಿ. 1903ರಲ್ಲಿ ಈ ಪಂದ್ಯವನ್ನು ಆರಂಭಿಸಿದ್ದೇ ಪ್ಯಾರಿಸ್ಸಿನ ಒಂದು ಕ್ರೀಡಾ ದಿನಪತ್ರಿಕೆ, ತನ್ನ ಪ್ರಸಾರ ಹೆಚ್ಚಿಸಿಕೊಳ್ಳಲು! ಪತ್ರಿಕೆ ಹೀಗೂ ಉಪಯೋಗಕ್ಕೆ ಬಂದೀತೆಂದು ಅದರ ಸಂಪಾದಕರು ಎಣಿಸಿರಲಾರರು.

ಹಿಮಖಂಡದಲ್ಲೊಂದು ಪ್ರಯೋಗ

ಗಾಳಿ ಬೀಸಿದಾಗ ಚಳಿ ಹೆಚ್ಚೆಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಎಷ್ಟು ಹೆಚ್ಚು ಎಂದು ಅಳೆಯಲು ಹೊರಟವರು ಅಮೆರಿಕದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್. 1941ರಲ್ಲಿ ದಕ್ಷಿಣ ಧ್ರುವದ ಅಂಟಾರ್ಕ್ಟಿಕ ಖಂಡದಲ್ಲಿ ಅವರು ಮಾಡಿದ ಪ್ರಯೋಗ ಸರಳವಾಗಿತ್ತು. ಪ್ಲಾಸ್ಟಿಕ್ ಕೊಳವೆಯೊಂದರಲ್ಲಿ ನೀರು ತುಂಬಿ ಹೊರಗೆ ತೂಗುಹಾಕಿ, ಬೇರೆ ಬೇರೆ ಉಷ್ಣಾಂಶದಲ್ಲಿ, ಬೇರೆ ಬೇರೆ ಗಾಳಿಯಲ್ಲಿ ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಗುರುತು ಹಾಕಿಕೊಂಡರು. 'ವಿಂಡ್ ಚಿಲ್' ಎಂಬ ಲೆಕ್ಕ ಅಲ್ಲಿಂದ ಹುಟ್ಟಿತು. ಕನ್ನಡದಲ್ಲಿ ಇದನ್ನು 'ಗಾಳಿಚಳಿ' ಎನ್ನಬಹುದು.

ಆದರೆ ಮನುಷ್ಯ ನೀರಿನ ಕೊಳವೆಯಲ್ಲ. ಆ ಲೆಕ್ಕ ಚಳಿಯನ್ನು ಇದ್ದುದಕ್ಕಿಂತ ಹೆಚ್ಚು ತೋರಿಸುತ್ತಿತ್ತು. ಹಾಗಾಗಿ 2001ರಲ್ಲಿ ಅಮೆರಿಕ ಮತ್ತು ಕೆನಡಾ ದೇಶಗಳು ಹೊಸ ಸೂತ್ರವೊಂದನ್ನು ಜಾರಿಗೆ ತಂದವು. ಇದಕ್ಕಾಗಿ ಸ್ವಯಂಸೇವಕರನ್ನು ತಣ್ಣನೆಯ ಗಾಳಿ ಸುರಂಗದಲ್ಲಿ ನಡೆಸಿ, ಅವರ ಮುಖದ ಚರ್ಮ ಎಷ್ಟು ಬೇಗ ತಣ್ಣಗಾಗುತ್ತದೆಂದು ಅಳೆಯಲಾಗಿತ್ತು.

ಈ ಸೂತ್ರದ ಪ್ರಕಾರ ಉಷ್ಣಾಂಶ 10 ಡಿಗ್ರಿ ಸೆಲ್ಷಿಯಸ್ ಇದ್ದು, ಗಂಟೆಗೆ 60 ಕಿ.ಮೀ. ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು 5 ಡಿಗ್ರಿಯಂತೆ ತೋರುತ್ತದೆ. 5 ಡಿಗ್ರಿಯ ಗಾಳಿ ಸೊನ್ನೆಗಿಂತ ಕೆಳಗಿನ 2 ಡಿಗ್ರಿಯಂತಾಗುತ್ತದೆ. ಸೊನ್ನೆ ಡಿಗ್ರಿಯದು ಸೊನ್ನೆಗಿಂತ 9 ಡಿಗ್ರಿ ಕೆಳಗಿಳಿದಂತೆ. ಸವಾರನ ಪಾಲಿಗೆ ಪರಿಣಾಮ ಇನ್ನೂ ಸ್ವಲ್ಪ ಹೆಚ್ಚೇ. ಸೂತ್ರದಲ್ಲಿರುವುದು ಹವಾಮಾನ ಕೇಂದ್ರಗಳು 10 ಮೀಟರು ಎತ್ತರದಲ್ಲಿ ಅಳೆಯುವ ಗಾಳಿ. ನೆಲದ ಹತ್ತಿರ ನಿಂತವನಿಗೆ ಅದರ ವೇಗ ತಗ್ಗಿರುತ್ತದೆ. ಬೈಕಿನವನಿಗೆ ಹಾಗೆ ತಗ್ಗುವುದಿಲ್ಲ. ಮುಳ್ಳು 60 ತೋರಿಸಿದರೆ ಎದೆಗೆ ಬಡಿಯುವುದೂ 60.

ಇಲ್ಲಿ ಒಂದು ತಪ್ಪು ತಿಳಿವಳಿಕೆಯೂ ಉಂಟು. ಗಾಳಿ ಯಾವುದನ್ನೂ ತನಗಿಂತ ತಣ್ಣಗೆ ಮಾಡಲಾರದು. 5 ಡಿಗ್ರಿಯ ಗಾಳಿಯಲ್ಲಿ ಎಷ್ಟೇ ವೇಗವಾಗಿ ಓಡಿದರೂ ಟ್ಯಾಂಕಿನ ಮೇಲೆ ಬಿದ್ದ ನೀರು ಆ ಕಾರಣದಿಂದ ಮಂಜುಗಡ್ಡೆಯಾಗದು. ಗಾಳಿ ಮಾಡುವುದು ಒಂದೇ ಕೆಲಸ, ಬಿಸಿ ಇರುವ ಕಡೆಯಿಂದ ಅದನ್ನು ಬೇಗ ಬೇಗ ಕದ್ದೊಯ್ಯುವುದು. ಮೈ ಒದ್ದೆಯಾಗಿದ್ದರೆ ಕಳ್ಳನಿಗೆ ಇನ್ನೂ ಅನುಕೂಲ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿ ಸುಲಭವಾಗಿ ಉಷ್ಣವನ್ನು ಸಾಗಿಸುತ್ತದೆ, ಆವಿಯಾಗುವಾಗ ಮತ್ತಷ್ಟನ್ನು ಒಯ್ಯುತ್ತದೆ.

ದೇಹದ ಲೆಕ್ಕಾಚಾರ

ಚಳಿ ಹೆಚ್ಚಾದಾಗ ದೇಹ ನಡೆದುಕೊಳ್ಳುವ ರೀತಿ ಬರಗಾಲದಲ್ಲಿ ಮನೆ ನಡೆಸುವ ಯಜಮಾನನದು. ಹೃದಯ, ಶ್ವಾಸಕೋಶ, ಮಿದುಳುಗಳ ಉಷ್ಣಾಂಶವನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಉಳಿಸಿಕೊಳ್ಳುವುದು ಅದರ ಮೊದಲ ಕರ್ತವ್ಯ. ಅದಕ್ಕಾಗಿ ಕೈಕಾಲುಗಳ ರಕ್ತನಾಳಗಳನ್ನು ಬಿಗಿದು, ಬಿಸಿರಕ್ತವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೊದಲು ತ್ಯಾಗ ಮಾಡಬೇಕಾದವು ಬೆರಳುಗಳು.

ಕಾಡಿನಲ್ಲೋ ಗದ್ದೆಯಲ್ಲೋ ಇದು ಜಾಣತನವೇ. ಆದರೆ ಮೋಟಾರ್ ಸೈಕಲ್ ಸವಾರನ ಪ್ರಾಣ ನಿಂತಿರುವುದೇ ಬೆರಳುಗಳ ಮೇಲೆ. ಬಲಗೈಯಲ್ಲಿ ಆಕ್ಸಿಲರೇಟರ್ ಮತ್ತು ಮುಂದಿನ ಬ್ರೇಕು, ಎಡಗೈಯಲ್ಲಿ ಕ್ಲಚ್ಚು. ಬೆರಳಿನ ಚರ್ಮದ ಉಷ್ಣಾಂಶ ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಕೈಚಳಕ ಕುಂದತೊಡಗುತ್ತದೆ. 8 ಡಿಗ್ರಿಯ ಸುಮಾರಿಗೆ ಸ್ಪರ್ಶಜ್ಞಾನವೇ ಮಂಕಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರು ದಾಟಿಹೋಗುತ್ತದೆ. ಮರಗಟ್ಟಿದ ಬೆರಳು ಬ್ರೇಕ್ ಹಿಡಿಯಲು ಅರ್ಧ ಸೆಕೆಂಡು ತಡಮಾಡಿದರೂ ವಾಹನ ಎಂಟು ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ರಸ್ತೆಗೆ ಅಡ್ಡಬಂದ ಎಮ್ಮೆಗೂ ಬೈಕಿಗೂ ನಡುವೆ ಅಷ್ಟು ಜಾಗ ಇರದೆಯೂ ಹೋಗಬಹುದು.

ಚಳಿಯಲ್ಲಿ ಇಟ್ಟ ಬೆರಳು ಒಮ್ಮೆ ತೀರಾ ತಣ್ಣಗಾಗಿ, ಮತ್ತೆ ತಾನಾಗಿಯೇ ಸ್ವಲ್ಪ ಬಿಸಿಯಾಗಿ, ಪುನಃ ತಣ್ಣಗಾಗುವ ಸೋಜಿಗವನ್ನು ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ 1930ರಲ್ಲಿ ವಿವರಿಸಿದರು. ಬೆರಳುಗಳು ಸಾಯದಂತೆ ದೇಹ ಆಗಾಗ ಒಂದಿಷ್ಟು ರಕ್ತವನ್ನು ಭಿಕ್ಷೆಯಂತೆ ಕಳಿಸುತ್ತದೆ. ಆದರೆ ಎದೆ ಹೊಟ್ಟೆಗಳೇ ತಣ್ಣಗಾಗಿದ್ದರೆ ಈ ಭಿಕ್ಷೆಯೂ ಕಡಿಮೆಯಾಗುತ್ತದೆ. ಕೈಗೆ ಚಳಿಯಾದರೆ ಕೈಗವಸನ್ನಷ್ಟೇ ದಪ್ಪ ಮಾಡಿಕೊಳ್ಳುವವರು ಇದನ್ನು ಗಮನಿಸಬೇಕು. ಎದೆ ಬೆಚ್ಚಗಿದ್ದರೆ ದೇಹವೇ ಬೆರಳಿಗೆ ಬಿಸಿ ಕಳಿಸುತ್ತದೆ. ಪತ್ರಿಕೆಯ ಹಾಳೆ ಎದೆಯ ಮೇಲೆ ಕೂತು ಬೆರಳನ್ನು ಕಾಯುವುದು ಹೀಗೆ.

ಚಳಿಯಲ್ಲಿ ಬೆರಳುಗಳು ಸುಣ್ಣದಂತೆ ಬಿಳಿಚಿ ನೋಯುವ ತೊಂದರೆ ಕೆಲವರಿಗೆ ಇರುತ್ತದೆ. ಫ್ರಾನ್ಸಿನ ವೈದ್ಯ ಮಾರಿಸ್ ರೇನೋ 1862ರಲ್ಲಿ ಇದನ್ನು ಗುರುತಿಸಿದ್ದರಿಂದ ಅದಕ್ಕೆ ಅವರ ಹೆಸರೇ ಬಂದಿದೆ. ಇಂಥವರು ಮುಂಜಾನೆಯ ಸವಾರಿಗೆ ಮೊದಲು ವೈದ್ಯರ ಸಲಹೆ ಕೇಳುವುದು ಒಳ್ಳೆಯದು.

ಇದಕ್ಕೂ ಮುಂದಿನ ಹಂತ ಇನ್ನೂ ಅಪಾಯದ್ದು. ಒಳಮೈಯ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಮಿದುಳಿನ ಚುರುಕು ಕುಗ್ಗುತ್ತದೆ, ಮಾತು ತೊದಲುತ್ತದೆ, ತೀರ್ಮಾನ ತಪ್ಪುತ್ತದೆ. ತನಗೇನೂ ಆಗಿಲ್ಲವೆಂದೇ ಆ ವ್ಯಕ್ತಿಗೆ ಅನಿಸಬಹುದು. ಮೈ ನಡುಗುವುದು ಎಚ್ಚರಿಕೆಯ ಗಂಟೆ. ನಡುಗಿ ನಡುಗಿ, ಬಿಸಿಲಿಗೂ ಬರದೆ ಬೆಂಕಿಗೂ ಹೋಗದೆ, ನಡುಕ ತಾನಾಗಿಯೇ ನಿಂತರೆ ಅದು ಸುಧಾರಣೆಯಲ್ಲ, ಗಂಡಾಂತರ.

ಚರ್ಮ, ಮೇಣ, ರಬ್ಬರು

ಈ ಶಾಸ್ತ್ರವೆಲ್ಲ ಗೊತ್ತಾಗುವ ಮೊದಲೇ ಸವಾರರು ಅನುಭವದಿಂದ ಉಡುಪನ್ನು ಕಂಡುಕೊಂಡಿದ್ದರು. ಅವರಿಗೆ ಅವಸರ ತಂದದ್ದು ಯುದ್ಧ. 1914ರಲ್ಲಿ ಆರಂಭವಾದ ಮೊದಲ ಮಹಾಯುದ್ಧದಲ್ಲಿ ಸೇನೆಯ ಓಲೆಗಳನ್ನು ಒಯ್ಯಲು ಕುದುರೆಯ ಜೊತೆಗೆ ಮೋಟಾರ್ ಸೈಕಲ್ಲೂ ಬಂತು. ಬ್ರಿಟನ್ನಿನ ಟ್ರಯಂಫ್ ಕಂಪನಿಯೊಂದೇ 'ಮಾಡೆಲ್ ಎಚ್' ಎಂಬ ಸುಮಾರು 30,000 ವಾಹನಗಳನ್ನು ಮಿತ್ರಸೇನೆಗಳಿಗೆ ಒದಗಿಸಿತು. ಹಗಲಿರುಳೆನ್ನದೆ, ಮಳೆ ಹಿಮವೆನ್ನದೆ ಓಡಬೇಕಾದ ಓಲೆಗಾರರಿಗೆ ಉದ್ದನೆಯ ಕೋಟು, ಮೊಣಕಾಲು ಮುಟ್ಟುವ ಬೂಟು, ಮೊಣಕೈವರೆಗಿನ ಕೈಗವಸು ಬೇಕಾದವು.

ಯುದ್ಧ ಮುಗಿದ ಮೇಲೆ ಚರ್ಮದ ಜಾಕೆಟ್ ಜನಪ್ರಿಯವಾಯಿತು. 1928ರಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಶಾಟ್ 'ಪರ್ಫೆಕ್ಟೊ' ಎಂಬ ಹೆಸರಿನ ಜಾಕೆಟ್ ಹೊಲಿದರು. ಅದರ ಬೆಲೆ ಐದೂವರೆ ಡಾಲರ್. ಮುಂದೆ ಸಿನಿಮಾ ನಾಯಕರ ಮೈಮೇಲೆ ಬಂಡಾಯದ ಗುರುತಾದ ಈ ಬಗೆಯ ಜಾಕೆಟ್ಟಿನ ಜಿಪ್ಪು ನಡುವೆ ಇರದೆ ಓರೆಯಾಗಿ ಒಂದು ಪಕ್ಕಕ್ಕಿರುತ್ತದೆ. ಅದು ಬರಿಯ ಅಲಂಕಾರವಲ್ಲ. ಎದೆಯ ಮೇಲೆ ಒಂದರ ಮೇಲೊಂದು ಚರ್ಮದ ಪದರ ಬಂದು ಜಿಪ್ಪಿನ ಸಂದಿಯಿಂದ ಗಾಳಿ ನುಸುಳುವುದು ತಪ್ಪುತ್ತದೆ.

ಚರ್ಮ ಗಾಳಿಯನ್ನು ತಡೆಯುತ್ತದೆ, ಬಿದ್ದರೆ ಮೈ ತರಚದಂತೆ ಕಾಯುತ್ತದೆ. ಮಳೆಗೆ ಮಾತ್ರ ನೆನೆದು ಭಾರವಾಗುತ್ತದೆ. ಮಳೆ ಬಿಡದ ಬ್ರಿಟನ್ನಿನಲ್ಲಿ ಇದಕ್ಕೆ ಉತ್ತರ ಸಿಕ್ಕಿದ್ದು ನಾವಿಕರಿಂದ. ಹಾಯಿಬಟ್ಟೆಗೆ ಎಣ್ಣೆ ಸವರಿದರೆ ನೀರು ಇಳಿಯುವುದಿಲ್ಲ, ಗಾಳಿಯೂ ತೂರುವುದಿಲ್ಲ ಎಂಬುದು ಹಡಗಿನವರಿಗೆ ಗೊತ್ತಿತ್ತು. ಅದೇ ಜಾಡಿನಲ್ಲಿ ಹತ್ತಿಬಟ್ಟೆಗೆ ಮೇಣ ಹಾಕಿದ ಕೋಟುಗಳು ಬಂದವು. ಸೌತ್ ಶೀಲ್ಡ್ಸ್ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿದ ಬಾರ್ಬರ್ ಸಂಸ್ಥೆ 1936ರಲ್ಲಿ 'ಇಂಟರ್‌ನ್ಯಾಷನಲ್' ಎಂಬ ಮೇಣಬಟ್ಟೆಯ ಉಡುಪನ್ನು ಸವಾರರಿಗಾಗಿಯೇ ತಯಾರಿಸಿತು. ಆರು ದಿನ ಕಾಡುಮೇಡುಗಳಲ್ಲಿ ನಡೆಯುವ ಅಂತರರಾಷ್ಟ್ರೀಯ ಮೋಟಾರ್ ಸೈಕಲ್ ಪರೀಕ್ಷೆಯಿಂದ ಅದಕ್ಕೆ ಆ ಹೆಸರು. 1948ರಲ್ಲಿ ಬೆಲ್‌ಸ್ಟಾಫ್ ಸಂಸ್ಥೆಯ 'ಟ್ರಯಲ್‌ಮಾಸ್ಟರ್' ಬಂತು.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ಮೋಟಾರ್ ಸೈಕಲ್ ಸವಾರರು ತೊಡುತ್ತಿದ್ದುದು ರಬ್ಬರು ಲೇಪಿಸಿದ ಉದ್ದ ಕೋಟು. ಅದರ ಕೆಳಗಿನ ಅಂಚನ್ನು ಎರಡು ಪಾಲು ಮಾಡಿ ಕಾಲುಗಳಿಗೆ ಸುತ್ತಿ ಗುಂಡಿ ಹಾಕಿಕೊಳ್ಳಬಹುದಿತ್ತು, ಹೆಚ್ಚುಕಡಿಮೆ ನಮ್ಮ ಕಚ್ಚೆಯಂತೆ. ಮಳೆಯನ್ನೂ ಗಾಳಿಯನ್ನೂ ಅದು ಪೂರ್ತಿ ತಡೆಯುತ್ತಿತ್ತು. ಆದರೆ ಒಳಗಿನ ಬೆವರಿಗೂ ಹೊರಹೋಗಲು ದಾರಿಯಿರಲಿಲ್ಲ. ಬೆವರಿದ ಮೈ ವಾಹನ ಏರಿದೊಡನೆ ತಣ್ಣಗಾಗುತ್ತದೆ.

ಮೇಣ, ರಬ್ಬರುಗಳ ಈ ಕೊರತೆ ನೀಗಿದ್ದು 1969ರ ನಂತರ. ಅಮೆರಿಕದ ಬಾಬ್ ಗೋರ್ ಆ ವರ್ಷ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಸರಕ್ಕನೆ ಎಳೆದಾಗ ಅದು ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳ ತೆಳು ಪೊರೆಯಾಯಿತು. ಮಳೆಹನಿ ಒಳಬರಲಾರದಷ್ಟು ಚಿಕ್ಕದಾದ, ಬೆವರಿನ ಆವಿ ಹೊರಹೋಗುವಷ್ಟು ದೊಡ್ಡದಾದ ರಂಧ್ರಗಳವು. 'ಗೋರ್-ಟೆಕ್ಸ್' ಎಂಬ ಹೆಸರಿನ ಈ ಪೊರೆ ಇಂದು ದುಬಾರಿ ಜಾಕೆಟ್ಟುಗಳ ಒಳಗಿರುತ್ತದೆ.

ಆನೆಗಳ ಮೇಳ

ಚಳಿಯಿಂದ ತಪ್ಪಿಸಿಕೊಳ್ಳುವವರ ಕಥೆ ಇದಾದರೆ, ಚಳಿಯನ್ನೇ ಹುಡುಕಿಕೊಂಡು ಹೋಗುವವರೂ ಇದ್ದಾರೆ. ಜರ್ಮನಿಯ ಪತ್ರಕರ್ತ ಅರ್ನ್‌ಸ್ಟ್ ಲೆವರ್ಕುಸ್ 1956ರಲ್ಲಿ ಸ್ಟುಟ್‌ಗಾರ್ಟ್ ಸಮೀಪದ ಸಾಲಿಟ್ಯೂಡ್ ಎಂಬಲ್ಲಿ ನಡುಚಳಿಗಾಲದಲ್ಲಿ ಸವಾರರ ಕೂಟವೊಂದನ್ನು ಕರೆದರು. ಬಂದವರು ಬೆರಳೆಣಿಕೆಯ ಮಂದಿ. ಅವರ ವಾಹನ, ಪಕ್ಕಕ್ಕೆ ತೊಟ್ಟಿಲು ಜೋಡಿಸಿದ ಸುಂಡಾಪ್ ಕೆ.ಎಸ್. 601. ಹಸಿರು ಬಣ್ಣದ, ಭಾರೀ ಗಾತ್ರದ ಈ ಗಾಡಿಗೆ ಜನ ಇಟ್ಟಿದ್ದ ಅಡ್ಡಹೆಸರು 'ಹಸಿರು ಆನೆ'. ಅದರಿಂದ ಕೂಟಕ್ಕೂ 'ಎಲಿಫಾಂಟೆನ್‌ಟ್ರೆಫೆನ್', ಅಂದರೆ ಆನೆಗಳ ಮೇಳ ಎಂಬ ಹೆಸರು ಬಂತು.

1989ರಿಂದ ಈ ಮೇಳ ಬವೇರಿಯದ ಕಾಡಿನ ಸೊಲ್ಲಾ ಎಂಬ ಹಳ್ಳಿಯ ಕಣಿವೆಯಲ್ಲಿ ನೆಲೆನಿಂತಿದೆ. ಹಿಮದ ಮೇಲೆಯೇ ಡೇರೆ ಹಾಕಿ ಮಲಗುವ ಸಾವಿರಾರು ಸವಾರರಿಗೆ ಅಲ್ಲಿ ಆಸರೆಯಾಗುವುದು ಹುಲ್ಲು. ನೆಲಕ್ಕೆ ಒಣಹುಲ್ಲು ಹಾಸಿ ಅದರ ಮೇಲೆ ಡೇರೆ ಎಬ್ಬಿಸುತ್ತಾರೆ. ಹುಲ್ಲಿನ ಕಡ್ಡಿ ಒಳಗೆ ಟೊಳ್ಳು, ಕಡ್ಡಿಗಳ ನಡುವೆಯೂ ಟೊಳ್ಳು. ಅಲ್ಲಿಯೂ ಕೆಲಸ ಮಾಡುವುದು ನಿಂತ ಗಾಳಿಯೇ. ಕೊಟ್ಟಿಗೆಯಲ್ಲಿ ದನಕ್ಕೆ ಹುಲ್ಲು ಹಾಸುವ ನಮ್ಮ ರೈತರಿಗೆ ಈ ಗುಟ್ಟನ್ನು ಹೇಳಿಕೊಡಬೇಕಾಗಿಲ್ಲ.

ಗಾಳಿಗೊಂದು ಗೋಡೆ

ಮೈಗೆ ತೊಡಿಸುವ ಬದಲು ವಾಹನಕ್ಕೇ ತೊಡಿಸಿದರೆ? 1946ರಲ್ಲಿ ಇಟಲಿಯ ವೆಸ್ಪಾ ಸ್ಕೂಟರ್ ಬಂದಾಗ ಅದರ ಮುಂಭಾಗದಲ್ಲಿ ಅಗಲವಾದ ತಗಡಿನ ತಡೆಯಿತ್ತು. ಬಟ್ಟೆಗೆ ಕೆಸರು ಸಿಡಿಯದಿರಲೆಂಬುದು ಉದ್ದೇಶ, ಆದರೆ ಕಾಲುಗಳಿಗೆ ಗಾಳಿ ತಾಗದಂತೆಯೂ ಅದು ಕಾಯಿತು. ಅದೇ ಮಾದರಿಯ ಸ್ಕೂಟರುಗಳು ನಮ್ಮ ದೇಶದಲ್ಲೂ ದಶಕಗಳ ಕಾಲ ಮಧ್ಯಮವರ್ಗದ ವಾಹನವಾಗಿದ್ದವು. 1976ರಲ್ಲಿ ಬಿ.ಎಂ.ಡಬ್ಲ್ಯು. ಸಂಸ್ಥೆಯ 'ಆರ್ 100 ಆರ್‌ಎಸ್' ಬೈಕು, ಗಾಳಿ ಸುರಂಗದಲ್ಲಿ ಪರೀಕ್ಷಿಸಿ ರೂಪಿಸಿದ ಪೂರ್ತಿ ಮುಂಗವಚದೊಡನೆ ಕಾರ್ಖಾನೆಯಿಂದಲೇ ಹೊರಬಂತು. ಬ್ಯಾಟರಿಯ ವಿದ್ಯುತ್ತಿನಿಂದ ಬಿಸಿಯಾಗುವ ಹಿಡಿಗಳು ಹಾಗೂ ಒಳಅಂಗಿಗಳು ಬರತೊಡಗಿದ್ದೂ ಹೆಚ್ಚುಕಡಿಮೆ ಆ ಕಾಲದಲ್ಲಿಯೇ.

ದುಡ್ಡಿಲ್ಲದವರ ಜಾಣ್ಮೆ ಇನ್ನೂ ಸ್ವಾರಸ್ಯದ್ದು. ತೈವಾನ್, ವಿಯೆಟ್ನಾಂ ದೇಶಗಳ ಸ್ಕೂಟರ್ ಸವಾರರು ಜಾಕೆಟ್ಟನ್ನು ಹಿಂದುಮುಂದಾಗಿ ತೊಡುತ್ತಾರೆ. ಗುಂಡಿ, ಜಿಪ್ಪುಗಳ ಸಂದಿ ಬೆನ್ನಿಗೆ ಹೋಗಿ, ಎದೆಗೆ ಅಖಂಡ ಬಟ್ಟೆ ಬರುತ್ತದೆ. ಉತ್ತರ ಚೀನಾದಲ್ಲಿ ವಿದ್ಯುತ್ ಸ್ಕೂಟರಿನ ಹ್ಯಾಂಡಲಿಗೆ ಹತ್ತಿ ತುಂಬಿದ ರಜಾಯಿಯನ್ನೇ ಕಟ್ಟುತ್ತಾರೆ. ಅದು ಕೈಯಿಂದ ಮೊಣಕಾಲಿನವರೆಗೆ ಇಳಿಬಿದ್ದು, ಸವಾರ ಹಾಸಿಗೆಯಲ್ಲಿ ಕೂತೇ ಹೋಗುತ್ತಿರುವಂತೆ ಕಾಣುತ್ತಾನೆ. ಮಿಲಾನ್, ಪ್ಯಾರಿಸ್ ನಗರಗಳಲ್ಲಿ ಸೊಂಟದಿಂದ ಕೆಳಕ್ಕೆ ಮುಚ್ಚುವ ಹೊದಿಕೆಯನ್ನು ಸ್ಕೂಟರಿಗೆ ಕಟ್ಟಿಯೇ ನಿಲ್ಲಿಸಿರುತ್ತಾರೆ. ದಕ್ಷಿಣ ಕೊರಿಯಾದಲ್ಲಿ ಊಟ ತಲುಪಿಸುವವರು ಹ್ಯಾಂಡಲಿನ ಎರಡು ತುದಿಗಳಿಗೂ ದಪ್ಪ ಚೀಲ ತೊಡಿಸಿ ಅದರೊಳಗೆ ಕೈ ತೂರಿಸುತ್ತಾರೆ.

ನಮ್ಮ ಚಳಿಗೆ ನಮ್ಮ ಉಪಾಯ

ಕರ್ನಾಟಕದಲ್ಲಿ ಹಿಮ ಬೀಳುವುದಿಲ್ಲ. ಹಾಗೆಂದು ಇಲ್ಲಿನ ಚಳಿಯನ್ನು ಕಡೆಗಣಿಸುವಂತಿಲ್ಲ. ಬೀದರ್, ಕಲಬುರಗಿ, ವಿಜಯಪುರ ಜಿಲ್ಲೆಗಳಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ ದಾಖಲಾಗಿತ್ತು. ಈ ನೆಲದ ಸವಾರನಿಗೆ ದೊಡ್ಡ ತೊಡಕು, ಮಧ್ಯಾಹ್ನ ಬಿಸಿಲು ಕಾಯುವುದರಿಂದ ಚಳಿಗೆಂದು ಬೇರೆ ಉಡುಪು ಕೊಳ್ಳಲು ಮನಸ್ಸಾಗದಿರುವುದು. ನಸುಕಿನ ನಾಲ್ಕಕ್ಕೆ ಪತ್ರಿಕೆಯ ಕಟ್ಟುಗಳನ್ನು ಹೇರಿಕೊಂಡು ಹೊರಡುವವರು, ಹಾಲಿನ ಕ್ಯಾನು ತೂಗುಹಾಕಿದ ಮೊಪೆಡ್ಡಿನವರು, ನಡುರಾತ್ರಿ ಊಟದ ಪೊಟ್ಟಣ ತಲುಪಿಸುವ ಹುಡುಗರು, ಇವರಿಗೆಲ್ಲ ಸಾವಿರಾರು ರೂಪಾಯಿಯ ಜಾಕೆಟ್ ದೂರದ ಮಾತು.

ಅವರ ಬಳಿ ಇರುವ ಸಾಮಾನುಗಳೇ ಸಾಕು, ತೊಡುವ ಕ್ರಮ ಬದಲಾಗಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸ್ವೆಟರ್ ಎಲ್ಲಕ್ಕಿಂತ ಹೊರಗಿರುತ್ತದೆ, ಮಳೆಗಾಲದ ರೇನ್‌ಕೋಟು ಗೂಟದಲ್ಲಿ ತೂಗುತ್ತಿರುತ್ತದೆ. ಆ ರೇನ್‌ಕೋಟನ್ನು ಸ್ವೆಟರಿನ ಮೇಲೆ ತೊಟ್ಟರೆ ಗಾಳಿಯ ಬಾಗಿಲು ಮುಚ್ಚಿತು. ಅದೂ ಇಲ್ಲದಿದ್ದರೆ ಪತ್ರಿಕೆಯ ಹಾಳೆ. ಒಳಗೆ ಬಿಗಿಯಾದ ಬಟ್ಟೆಯ ಬದಲು ಸಡಿಲವಾದ ಎರಡು ಪದರಗಳಿರಲಿ. ಬೂಟು ಬಿಗಿಯಾಗಿದ್ದಾಗ ಎರಡು ಜೊತೆ ಕಾಲುಚೀಲ ಹಾಕಿದರೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ, ಏಕೆಂದರೆ ರಕ್ತಕ್ಕೂ ಜಾಗವಿಲ್ಲ, ಗಾಳಿಗೂ ಜಾಗವಿಲ್ಲ. ಕೈಗವಸೂ ಹಾಗೆಯೇ.

ಉಣ್ಣೆಯ ವಿಷಯದಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. ಬಯಲುಸೀಮೆಯ ಕುರಿಗಾರರ ಕಂಬಳಿ, ಮಲೆನಾಡಿನಲ್ಲಿ ಕೊಪ್ಪೆಯಾಗಿ ತಲೆಯ ಮೇಲಿಂದ ಇಳಿದು ಮಳೆ ಚಳಿಗಳೆರಡನ್ನೂ ತಡೆದಿದೆ. ಉಣ್ಣೆ ತೇವ ಹೀರಿಯೂ ಬೆಚ್ಚಗಿರಬಲ್ಲದು, ಹತ್ತಿಗೆ ಆ ಗುಣವಿಲ್ಲ. ಆದರೆ ಕಂಬಳಿ ಇರುವುದು ನಡೆಯುವವನಿಗೆ. ಓಡುವ ಬೈಕಿನ ಮೇಲೆ ಇಳಿಬಿದ್ದ ಯಾವ ಬಟ್ಟೆಯೂ ಅಪಾಯವೇ. ಪ್ರಸಿದ್ಧ ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ತೀರಿಕೊಂಡದ್ದು, ಕೊರಳಿನ ಉದ್ದನೆಯ ವಸ್ತ್ರ ಕಾರಿನ ಚಕ್ರಕ್ಕೆ ಸಿಕ್ಕಿ. ಸೆರಗು, ದುಪಟ್ಟಾ, ಮಫ್ಲರ್ ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ಮಫ್ಲರಿನ ತುದಿಗಳು ಅಂಗಿಯೊಳಗೆ ಹೋಗಬೇಕು. ದಪ್ಪ ಮಂಕಿ ಕ್ಯಾಪಿನ ಮೇಲೆ ಹೆಲ್ಮೆಟ್ ಸರಿಯಾಗಿ ಕೂರದು. ಮಂಕಿ ಕ್ಯಾಪ್ ಇದೆಯೆಂದು ಹೆಲ್ಮೆಟ್ ಬಿಡುವುದಂತೂ ಇನ್ನೂ ತಪ್ಪು.

ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಮಕ್ಕಳನ್ನು. ಬೆಳಗಿನ ಶಾಲೆಗೆ ಹೊರಟ ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುವುದು ನಮ್ಮ ಬೀದಿಗಳ ಸಾಮಾನ್ಯ ನೋಟ. ಅಪ್ಪನಿಗೆ ಬೆಚ್ಚಗಿರುತ್ತದೆ, ಏಕೆಂದರೆ ಅವನ ಪಾಲಿನ ಗಾಳಿಯನ್ನು ಮಗು ತಡೆಯುತ್ತಿರುತ್ತದೆ. ಮಕ್ಕಳಲ್ಲಿ ಮೈಯ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು. ಆದ್ದರಿಂದ ಅವರು ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತಾರೆ. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸುರಕ್ಷಾ ಪಟ್ಟಿ, ಹೆಲ್ಮೆಟ್ ಹಾಗೂ ಗಂಟೆಗೆ 40 ಕಿ.ಮೀ. ವೇಗದ ಮಿತಿಯನ್ನು ವಿಧಿಸಿದೆ. ಅಪಘಾತದ ದೃಷ್ಟಿಯಿಂದ ಬಂದ ಈ ವೇಗಮಿತಿ ಚಳಿಯ ದೃಷ್ಟಿಯಿಂದಲೂ ಒಳ್ಳೆಯದೇ.

ಬೆಂಗಳೂರಿನಿಂದ ಲಡಾಖಿಗೆ ಬೈಕಿನಲ್ಲಿ ಹೋಗುವ ಹಂಬಲ ಈಗ ಅನೇಕ ಯುವಕ ಯುವತಿಯರದು. ಅಲ್ಲಿನ ಖಾರ್ದುಂಗ್ ಲಾ ಕಣಿವೆಮಾರ್ಗ 5,300 ಮೀಟರಿಗೂ ಎತ್ತರದಲ್ಲಿದೆ. ಒಂದು ಸಾವಿರ ಮೀಟರು ಏರಿದರೆ ಸರಾಸರಿ ಆರೂವರೆ ಡಿಗ್ರಿ ಉಷ್ಣಾಂಶ ಇಳಿಯುತ್ತದೆ. ಬೆಳಿಗ್ಗೆ ತಪ್ಪಲಲ್ಲಿ ಬೆವರಿದವರು ಮಧ್ಯಾಹ್ನ ಹಿಮದಲ್ಲಿರಬಹುದು. ಹೊಳೆ ದಾಟುವಾಗ ನೆನೆದ ಕಾಲುಚೀಲವನ್ನು ಬದಲಿಸದೆ ಮುಂದೆ ಹೋಗುವುದು ಅಲ್ಲಿ ದೊಡ್ಡ ತಪ್ಪು. ಒಣಗಿದ ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿ ಬೂಟು ಹಾಕುವುದು ಅನುಭವಸ್ಥರ ಪದ್ಧತಿ.

ನಂಬಿಕೆಗಳು ಕೆಲವು

ಚಳಿಗೆ ಒಂದು ಗುಟುಕು ರಮ್ ಒಳ್ಳೆಯದೆಂಬ ಮಾತು ಸುಳ್ಳು. ಮದ್ಯ ಚರ್ಮದ ರಕ್ತನಾಳಗಳನ್ನು ಸಡಿಲಿಸುತ್ತದೆ. ಬಿಸಿರಕ್ತ ಹೊರಕ್ಕೆ ಬರುವುದರಿಂದ ಕ್ಷಣಕಾಲ ಬೆಚ್ಚಗೆನಿಸುತ್ತದೆ, ಒಳಮೈ ತಣ್ಣಗಾಗುತ್ತದೆ. ಕುಡಿದು ಓಡಿಸುವುದರ ಅಪಾಯ ಬೇರೆಯೇ ಇದೆ. ಸಿಗರೇಟು ಇದಕ್ಕೆ ವಿರುದ್ಧವಾಗಿ ಬೆರಳಿನ ರಕ್ತನಾಳಗಳನ್ನು ಬಿಗಿಯುತ್ತದೆ. ಅದೂ ಬೇಡ. ಮೈಯ ಬಿಸಿಯಲ್ಲಿ ಅರ್ಧದಷ್ಟು ತಲೆಯಿಂದಲೇ ಹೋಗುತ್ತದೆಂಬುದೂ ನಿಜವಲ್ಲ. ತಲೆಯ ಪಾಲು, ಮೈಯಲ್ಲಿ ಅದರ ಹರವು ಎಷ್ಟೋ ಸುಮಾರಾಗಿ ಅಷ್ಟೇ. ಮರಗಟ್ಟಿದ ಕೈಯನ್ನು ಬಿಸಿ ಸೈಲೆನ್ಸರಿಗೆ ತಾಗಿಸುವವರಿದ್ದಾರೆ. ಸ್ಪರ್ಶಜ್ಞಾನವಿಲ್ಲದ ಚರ್ಮಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ. ಕಂಕುಳಲ್ಲಿ ಕೈ ಇಟ್ಟುಕೊಳ್ಳುವುದು ಅದಕ್ಕಿಂತ ಮೇಲು.

ಹಾಗಾದರೆ ರಸ್ತೆ ಬದಿಯ ಬಿಸಿ ಚಹಾ? ಲೆಕ್ಕ ಹಾಕಿದರೆ 100 ಮಿಲಿಲೀಟರ್ ಚಹಾ ಮೈಗೆ ಕೊಡುವ ಬಿಸಿ, ದೇಹ ತಾನೇ ಎರಡು ನಿಮಿಷದೊಳಗೆ ಹುಟ್ಟಿಸಿಕೊಳ್ಳುವಷ್ಟು ಮಾತ್ರ. ಆದರೂ ಅಲ್ಲಿ ನಿಲ್ಲುವುದರಲ್ಲಿ ಅರ್ಥವಿದೆ. ಗಾಡಿ ನಿಂತೊಡನೆ ಗಾಳಿ ನಿಲ್ಲುತ್ತದೆ. ಲೋಟ ಹಿಡಿದ ಬೆರಳುಗಳಿಗೆ ಜೀವ ಬರುತ್ತದೆ. ನಾಲ್ಕು ಹೆಜ್ಜೆ ಓಡಾಡಿದರೆ ಸ್ನಾಯುಗಳೂ ದುಡಿಯುತ್ತವೆ. ಚಳಿಯಲ್ಲಿ ದೂರ ಹೋಗುವವರು ಅರ್ಧ ಗಂಟೆಗೋ ಮುಕ್ಕಾಲು ಗಂಟೆಗೋ ಒಮ್ಮೆ ಹೀಗೆ ನಿಂತು, ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ಮುಟ್ಟಿಸಿ ನೋಡಬೇಕು. ಕಿರುಬೆರಳು ಹೆಬ್ಬೆರಳನ್ನು ಸಲೀಸಾಗಿ ಮುಟ್ಟದಿದ್ದರೆ ಆ ಕೈ ಬ್ರೇಕ್ ಹಿಡಿಯಲು ಇನ್ನೂ ಸಿದ್ಧವಾಗಿಲ್ಲ. ಇನ್ನೊಂದು ಲೋಟ ಹೇಳಿ, ಸ್ವಲ್ಪ ಹೊತ್ತು ಕಾಯುವುದೇ ಸರಿ.